ಅತ್ತಿಗೆಯ ಅಂಚೆಮನೆ

ನಮ್ಮ ಅತ್ತಿಗೆಯ ಮನೆಗೆ ಹೋದವರು ಚಪ್ಪಲಿ ಬಿಡುವಾಗ ಸ್ವಲ್ಪ ಹುಷಾರಾಗಿರಬೇಕು. ಬಾಗಿಲ ಹಿಂದಿನ ಚಪ್ಪಲಿ ಸ್ಟ್ಯಾಂಡಿಗೆ ನಾಲ್ಕು ಅಂತಸ್ತು. ಕೆಳಗಿನ ಮೂರು ಎಲ್ಲರ ಮನೆಯಂತೆಯೇ. ಮೇಲಿನದರಲ್ಲಿ ಮಾತ್ರ ಒಂದು ಹಳೆಯ ಕಂಪ್ಯೂಟರ್ ಡಬ್ಬಿ ಕುಳಿತಿದೆ. ಅದಕ್ಕೆ ಪರದೆ ಇಲ್ಲ, ಕೀಲಿಮಣೆ ಇಲ್ಲ. ಒಂದು ಹಸಿರು ದೀಪ, ಒಂದು ಗೊರಗುಟ್ಟುವ ಫ್ಯಾನು, ಮೇಲೆ ಧೂಳು ಬೀಳದಿರಲೆಂದು ಹಳೆಯ ದಿಂಬಿನ ಕವರಿನಿಂದ ಹೊಲಿದ ಅಂಗಿ. ಡಬ್ಬಿಯ ಬೆನ್ನಿಗೆ ಗಾಳಿ ಬೇಕೆಂದು ಅಂಗಿಗೆ ಹಿಂಭಾಗವೇ ಇಲ್ಲ; ಆಸ್ಪತ್ರೆಯಲ್ಲಿ ರೋಗಿಗಳಿಗೆ ತೊಡಿಸುತ್ತಾರಲ್ಲ, ಆ ಮಾದರಿ.

"ನನ್ನ ಬೂಟಿಗೆ ಜಾಗ ಇಲ್ಲ, ಅದಕ್ಕೆ ಅಂಗಿ ಬೇರೆ," ಎಂದು ಬಸ್ ಡ್ರೈವರ್ ಆಗಿರುವ ನಮ್ಮ ಅಣ್ಣ ಗೊಣಗುವುದುಂಟು.

"ನಿಮ್ಮ ಬೂಟು ದಿನಕ್ಕೆ ಇಬ್ಬರನ್ನ ಹೊರುತ್ತೆ, ನಿಮ್ಮನ್ನ ಮತ್ತೆ ನಿಮ್ಮ ಹೊಟ್ಟೇನ. ಅದು ಮೂವತ್ತೊಂದು ಜನರನ್ನ ಹೊರುತ್ತೆ. ಸುಮ್ನೆ ಇರಿ," ಎನ್ನುತ್ತಾರೆ ಅತ್ತಿಗೆ.

ಮೂವತ್ತೊಂದು ಜನರ ಇಮೇಲು ಬರುವುದೂ ಹೋಗುವುದೂ ಆ ಡಬ್ಬಿಯ ಮೂಲಕ. ತಿಳಿದವರು ಅದನ್ನು ಮೇಲ್ ಸರ್ವರ್ ಎನ್ನುತ್ತಾರೆ, ಅತ್ತಿಗೆ ಅಂಚೆಮನೆ ಎನ್ನುತ್ತಾರೆ. ಪೋಸ್ಟಾಫೀಸಿಗೆ ಅಂಚೆಮನೆ ಎಂದು ಹೆಸರಿಟ್ಟ ಹಿರಿಯರಿಗೆ ಇದು ಒಂದು ದಿನ ನಿಜವಾಗಿಯೂ ಮನೆಯೊಳಗೇ, ಅದೂ ಚಪ್ಪಲಿಗಳ ಮೇಲೆ, ಬಂದು ಕೂರುತ್ತದೆ ಎಂದು ಹೊಳೆದಿರಲಾರದು.

ಅತ್ತಿಗೆ ಇಪ್ಪತ್ತಾರು ವರ್ಷ ಊರಿನ ದೊಡ್ಡ ಪೋಸ್ಟಾಫೀಸಿನ ವಿಂಗಡಣೆ ಹಾಲ್‌ನಲ್ಲಿ ನಿಂತವರು. ನಿಂತವರು ಎಂದರೆ ನಿಂತವರೇ. ಅಲ್ಲಿ ಕೂರುವ ಕೆಲಸವಿರಲಿಲ್ಲ. ಎದುರಿಗೆ ತೊಂಬತ್ತಾರು ಖಾನೆಗಳ ಗೋಡೆ, ಎಡಗೈಯಲ್ಲಿ ಕಾಗದದ ಕಟ್ಟು, ಬಲಗೈ ಮಗ್ಗದ ಲಾಳಿಯಂತೆ. ಅವರು ಕೆಲಸಕ್ಕೆ ಸೇರಿದ ದಿನ ಹಿರಿಯ ಮೇಲ್ವಿಚಾರಕರೊಬ್ಬರು ಹೇಳಿಕೊಟ್ಟದ್ದು ಒಂದೇ ಪಾಠ: "ಕವರಿನ ಮೇಲೆ ಎರಡು ವಿಳಾಸ ಇರುತ್ತಮ್ಮ. 'ಗೆ' ಅಂತ ಇರೋದು ನಿನ್ನ ಕೆಲಸ. 'ಇಂದ' ಅಂತ ಇರೋದು ನಿನಗೆ ಸಂಬಂಧ ಇಲ್ಲ. ಒಳಗಿರೋದಂತೂ ದೇವರಿಗೂ ಸಂಬಂಧ ಇಲ್ಲ."

ನನಗೆ ಕಾನ್ವೆಂಟಿನಲ್ಲಿ ಸಿಸ್ಟರು ಪತ್ರಲೇಖನ ಕಲಿಸುವಾಗ 'ಇಂದ' ವಿಳಾಸ ಬರೆಯದಿದ್ದರೆ ಎರಡು ಮಾರ್ಕು ಕತ್ತರಿಸುತ್ತಿದ್ದರು. ಅದನ್ನು ಯಾರೂ ಓದುವುದಿಲ್ಲ ಎಂದು ಅತ್ತಿಗೆಯಿಂದ ತಿಳಿದಾಗ ಆ ಎರಡೆರಡು ಮಾರ್ಕುಗಳಿಗಾಗಿ ನನ್ನ ಹೊಟ್ಟೆ ಉರಿಯಿತು.

ಆಮೇಲೆ ಯಂತ್ರ ಬಂತು. ಅತ್ತಿಗೆ ಒಂದು ದಿನಕ್ಕೆ ವಿಂಗಡಿಸುವುದನ್ನು ಅದು ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಸುತ್ತಿತ್ತು. ಅಕ್ಷರ ಸೊಟ್ಟಗಿದ್ದ, ಮಳೆಯಲ್ಲಿ ಶಾಯಿ ಕದಡಿದ್ದ ಕವರುಗಳನ್ನು ಮಾತ್ರ ಉಗಿದು ಅತ್ತಿಗೆಯ ಮೇಜಿಗೆ ತಳ್ಳುತ್ತಿತ್ತು. "ಯಂತ್ರದ ಎಂಜಲು" ಎಂದು ಅವರು ಅದನ್ನು ಕರೆಯುತ್ತಿದ್ದರು. ಆ ಎಂಜಲಲ್ಲಿ ಅವರ ಕೈಯಿಂದ ತಪ್ಪಿ ಊರು ಸೇರದ ಕಾಗದ ವರ್ಷಕ್ಕೆ ನಾಲ್ಕೋ ಐದೋ. ಕೊನೆಗೆ ಹಾಲ್ ಮುಚ್ಚಿದರು. ಐವತ್ತೊಂದನೆಯ ವಯಸ್ಸಿಗೆ ಅತ್ತಿಗೆ ಮನೆಗೆ ಬಂದರು.

ಬಂದ ಹೊಸತರಲ್ಲಿ ಎಲ್ಲರಂತೆ ಒಂದು ಪುಕ್ಕಟೆ ಮೇಲ್ ಖಾತೆ ತೆರೆದು, ತಂಗಿಗೆ ಮಂಡಿನೋವಿನ ವಿಷಯ ಬರೆದರು. ಮಾರನೆಯ ದಿನ ಪರದೆಯ ಬದಿಯಲ್ಲಿ ಮಂಡಿಗೆ ಕಟ್ಟುವ ಪಟ್ಟಿಯ ಜಾಹೀರಾತು. ಅತ್ತಿಗೆ ಅದನ್ನು ನೋಡಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರಂತೆ.

"ಯಾರೋ ಒಡೆದು ಓದಿದಾರೆ," ಎಂದರು ಅಣ್ಣನಿಗೆ.

"ಯಂತ್ರ ಓದಿರುತ್ತೆ ಬಿಡೇ. ಮನುಷ್ಯರಿಗೆ ಎಲ್ಲಿ ಪುರುಸೊತ್ತು?"

"ನಮ್ಮ ಹಾಲ್‌ನಲ್ಲಿ ಒಬ್ಬ ಕವರ್ ಒಡೆದ ಅಂತ ಕೆಲಸದಿಂದ ತೆಗೆದರು. ಇವರು ಒಡೆದರೆ ದೊಡ್ಡ ಕಂಪನಿಯಾ?"

ಮರುವಾರ ಅವರು ಗ್ರಂಥಾಲಯದ ಮಧ್ಯಾಹ್ನದ ಕಂಪ್ಯೂಟರ್ ತರಗತಿಗೆ ಸೇರಿದರು. ಉಳಿದವರೆಲ್ಲ ಅವರ ಅರ್ಧ ವಯಸ್ಸಿನವರು. ಮೇಷ್ಟ್ರು ಒಬ್ಬೊಬ್ಬರನ್ನೇ ಏನು ಮಾಡಲು ಕಲಿಯಬೇಕೆಂದಿದ್ದೀರಿ ಎಂದು ಕೇಳಿಕೊಂಡು ಬಂದರೆ, ವೆಬ್‌ಸೈಟು, ಆಟ, ಅಂಗಡಿ ಎಂದೆಲ್ಲ ಉತ್ತರ. ಅತ್ತಿಗೆಯ ಸರದಿ ಬಂದಾಗ "ಅಂಚೆಮನೆ" ಎಂದರಂತೆ. ಮೇಷ್ಟ್ರು ನಗಲಿಲ್ಲ. ಅವರ ಹೆಸರು ಯಾರಿಗೂ ನೆನಪಿಲ್ಲವಾದರೂ ನನಗೆ ಅವರ ಮೇಲೆ ಗೌರವವಿದೆ. ಒಂದೂವರೆ ವರ್ಷ ಹಿಡಿಯಿತು. ಆ ಅವಧಿಯಲ್ಲಿ ಮನೆಯಲ್ಲಿ ಸಾರು ಎಷ್ಟು ಸಲ ತಳ ಹಿಡಿಯಿತು ಎಂದು ಅಣ್ಣನನ್ನು ಕೇಳಬಾರದು.

ಮೊದಲು ಬಂದವರು ವಿಂಗಡಣೆ ಹಾಲ್‌ನ ಹಳೆಯ ಗೆಳತಿಯರು. ಆಮೇಲೆ ಬೀದಿಯ ಗಡಿಯಾರ ರಿಪೇರಿಯವರು, ಕಾಗದದಲ್ಲೇ ಚದುರಂಗ ಆಡುವ ಇಬ್ಬರು ಮುದುಕರು, ಹೀಗೆ ಬೆಳೆಯುತ್ತಾ ಮೂವತ್ತೊಂದು. ಡಬ್ಬಿಗೆ ಬರುವ ವಂಚನೆಯ ಕಾಗದಗಳನ್ನೂ ಅತ್ತಿಗೆ ಯಂತ್ರಕ್ಕೆ ಬಿಡುವುದಿಲ್ಲ. ದಿನಾ ಬೆಳಗ್ಗೆ ಕಾಫಿಯ ಲೋಟ ಹಿಡಿದು ಮೇಲ್ಮೈ ಮಾತ್ರ ನೋಡಿ ವಿಂಗಡಿಸುತ್ತಾರೆ. ಯಾರದೋ ಸತ್ತ ರಾಜಕುಮಾರನ ಆಸ್ತಿ ಒಂದು ಕಡೆ, ಗಡಿಯಾರದವರ ಮಗಳ ಕಾಗದ ಇನ್ನೊಂದು ಕಡೆ. ಒಳಗೆ ಕಣ್ಣು ಹಾಕುವುದಿಲ್ಲ. "ಕವರಿನ ಮುಖ ನೋಡಿದರೆ ಗೊತ್ತಾಗುತ್ತೆ. ಕಳ್ಳನ ಕಾಗದ ಯಾವಾಗ್ಲೂ ಅರ್ಜೆಂಟಲ್ಲಿರುತ್ತೆ."

ಬರುವುದರಲ್ಲಿ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಹೋಗುವುದರಲ್ಲಿ.

ಇಂಟರ್‌ನೆಟ್ಟಿನಲ್ಲಿ ಪ್ರತಿ ಮನೆಗೂ ಒಂದು ಅಂಕಿಯ ವಿಳಾಸ ಇರುತ್ತದಂತೆ. ಎಷ್ಟೋ ಮನೆಗಳ ಕಂಪ್ಯೂಟರಿಗೆ ಮನೆಯವರಿಗೇ ತಿಳಿಯದಂತೆ ಕಳ್ಳರು ಹೊಕ್ಕು, ಅಲ್ಲಿಂದ ಲಕ್ಷಗಟ್ಟಲೆ ವಂಚನೆಯ ಮೇಲು ಕಳಿಸುತ್ತಾರೆ. ಆದ್ದರಿಂದ ದೊಡ್ಡ ಕಂಪನಿಗಳು ಒಂದು ಪಟ್ಟಿ ಇಟ್ಟುಕೊಂಡಿವೆ: ಇವೆಲ್ಲ ಬರೀ ಮನೆಗಳು, ಇಲ್ಲಿಂದ ನೇರವಾಗಿ ಮೇಲು ಬಂದರೆ ಒಳಗೆ ಬಿಡಬೇಡಿ. ಪಟ್ಟಿಯಲ್ಲಿರಲು ತಪ್ಪು ಮಾಡಿರಬೇಕಾಗಿಲ್ಲ, ಮನೆಯಲ್ಲಿದ್ದರೆ ಸಾಕು. ಬೀದಿಯಲ್ಲಿ ಒಬ್ಬ ಕಳ್ಳ ಸಿಕ್ಕಿದನೆಂದು ಇಡೀ ಬೀದಿಯವರನ್ನೇ ಮದುವೆಗೆ ಕರೆಯದೆ ಬಿಟ್ಟ ಹಾಗೆ. ಹೆಸರಿಗೆ ಮೇಲ್, ನಡೆಯುವುದೆಲ್ಲ ಮೇಲು ಕೀಳು.

ಅತ್ತಿಗೆಗೆ ಇದು ಅರ್ಥವಾಗಲು ಕಷ್ಟವಾಗಲಿಲ್ಲ, ಒಪ್ಪಲು ಆಗಲಿಲ್ಲ. "ನಾವು ಕಾಗದ ಎಲ್ಲಿಗೆ ಹೋಗಬೇಕು ಅಂತ ನೋಡ್ತಿದ್ವಿ. ಇವರು ಎಲ್ಲಿಂದ ಬಂತು ಅಂತ ಮಾತ್ರ ನೋಡ್ತಾರೆ. ಇದು ಯಾವ ಊರಿನ ಅಂಚೆ?"

ಆದರೆ ಅವರು ಜಗಳ ಆಡುವವರಲ್ಲ, ಕಾಗದ ಬರೆಯುವವರು. ಒಂದು ನೋಟ್‌ಬುಕ್ ಮಾಡಿದರು. ಯಾವ ಬಾಗಿಲಲ್ಲಿ ತಿರಸ್ಕಾರವಾಯಿತು, ಯಾವ ತಾರೀಕು, ಯಾವ ಪಟ್ಟಿಯ ಕಾರಣದಿಂದ. ಪ್ರತಿಯೊಂದಕ್ಕೂ ವಿನಯದಿಂದ ಅರ್ಜಿ: ನಾನು ಇಂಥವಳು, ಈ ವಿಳಾಸದಿಂದ ಇಷ್ಟು ವರ್ಷದಿಂದ ಇಷ್ಟು ಜನರ ಕಾಗದ ಮಾತ್ರ ಹೋಗುತ್ತಿದೆ, ದಯವಿಟ್ಟು ಪರಿಶೀಲಿಸಿ. ಕೆಲವರು ಉತ್ತರವನ್ನೇ ಕೊಡಲಿಲ್ಲ. ಕೆಲವರಿಗೆ ಏಳು ಸಲ ಬರೆದರು. ಹದಿನಾಲ್ಕು ಪಟ್ಟಿಗಳಲ್ಲಿ ಹನ್ನೊಂದರಿಂದ ಹೆಸರು ಬಿಡಿಸಿಕೊಂಡರು. ನನಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಿಂದ ಬಿಡಿಸಿಕೊಳ್ಳಲು ಇನ್ನೂ ಆಗಿಲ್ಲ.

ಇಂಟರ್‌ನೆಟ್ ಕಂಪನಿಗೂ ಫೋನ್ ಮಾಡಿದ್ದರು. ಆ ಸಂಭಾಷಣೆ ಸ್ಪೀಕರಿನಲ್ಲಿ ನಡೆದದ್ದರಿಂದ ನಾನೇ ಸಾಕ್ಷಿ.

"ನಿಮ್ಮದು ಮನೆ ಕನೆಕ್ಷನ್ ಮೇಡಂ. ಮನೆಯಿಂದ ಹಾಗೆ ನೇರವಾಗಿ ಮೇಲ್ ಕಳಿಸೋದು ನಾರ್ಮಲ್ ಅಲ್ಲ," ಎಂದ ಆ ಕಡೆಯ ಹುಡುಗ.

"ಕಾಗದ ಬರೆಯೋರು ಮತ್ತೆಲ್ಲಿ ಇರ್ತಾರಪ್ಪ? ಮನೇಲೇ ಅಲ್ವಾ?"

"ಬಿಸಿನೆಸ್ ಕನೆಕ್ಷನ್ ತಗೊಳ್ಳಿ ಮೇಡಂ, ಸರಿಹೋಗುತ್ತೆ."

"ನನಗೆ ಬಿಸಿನೆಸ್ ಇಲ್ಲ."

"ಬಿಸಿನೆಸ್ ಇಲ್ಲದೆ ಅಷ್ಟು ಮೇಲ್ ಯಾಕೆ ಕಳಿಸ್ತೀರಿ?"

"ನಿಮ್ಮ ತಾಯಿ ಎಲ್ಲಿದಾರೆ?" ಎಂದರು ಅತ್ತಿಗೆ.

"ಬೇರೆ ಊರಲ್ಲಿ ಮೇಡಂ. ಯಾಕೆ?"

"ವಾರಕ್ಕೊಂದು ಬರೀತೀರಾ?"

"ಬರೀತೀನಿ," ಎಂದ. ಬರೆಯುವುದಿಲ್ಲ ಎಂಬುದು ಆ ಧ್ವನಿಯಲ್ಲೇ ಸ್ಪಷ್ಟವಾಗಿತ್ತು.

ಈಗ ನಾನು ಹೇಳಬೇಕೆಂದು ಹೊರಟ ಶುಕ್ರವಾರದ ಕತೆ.

ಅತ್ತಿಗೆಯ ಮೇಲಿನ ಮನೆಯಲ್ಲಿ ಟೈಲರಮ್ಮ ಇದ್ದಾರೆ. ಹುಟ್ಟಿನಿಂದ ಕಿವಿ ಕೇಳಿಸದು. ಕೊರಳಿಗೆ ದಾರದಲ್ಲಿ ಒಂದು ಚಿಕ್ಕ ಪ್ಯಾಡು, ಪೆನ್ಸಿಲು. ಅವರ ಮಾತೆಲ್ಲ ಅದರಲ್ಲಿ. ಬಾಗಿಲು ತಟ್ಟಿ ಉಪಯೋಗವಿಲ್ಲವೆಂದು ಅಣ್ಣ ಹೊರಗೊಂದು ಸ್ವಿಚ್ ಹಾಕಿಕೊಟ್ಟಿದ್ದಾನೆ. ಒತ್ತಿದರೆ ಒಳಗೆ ಹೊಲಿಗೆ ಯಂತ್ರದ ಮೇಲಿನ ಕೆಂಪು ಬಲ್ಬು ಮಿನುಗುತ್ತದೆ. ಫೋನಿನ ಜಗತ್ತು ಅವರಿಗೆ ಮುಚ್ಚಿದ ಬಾಗಿಲು. ಆದ್ದರಿಂದ ಅತ್ತಿಗೆಯ ಅಂಚೆಮನೆ ಉಳಿದ ಮೂವತ್ತು ಜನರಿಗೆ ಅನುಕೂಲವಾದರೆ ಟೈಲರಮ್ಮನಿಗೆ ಗಂಟಲು.

ಇಪ್ಪತ್ತು ವರ್ಷ ಅವರು ಒಂದು ಉಡುಪಿನ ಕಾರ್ಖಾನೆಗೆ ಕಾಲರು ಹೊಲಿದರು. ಬರೀ ಕಾಲರು. ಅಂಗಿ ನೋಡಿದ್ದೇ ಕಡಿಮೆ. ಊರಿನ ದೊಡ್ಡ ನಾಟಕಶಾಲೆಯಲ್ಲಿ ವೇಷದ ಕೋಣೆಯನ್ನು ನೋಡಿಕೊಳ್ಳುವ ಕೆಲಸ ಖಾಲಿ ಇದೆ ಎಂದು ತಿಳಿದಾಗ, ಅರ್ಜಿಯನ್ನು ಕೈಯಾರೆ ಕೊಟ್ಟು ಬಂದರು. ಸಂದರ್ಶನದಲ್ಲಿ ಒಂದು ಹರಿದ ರಾಜನ ನಿಲುವಂಗಿ ಕೊಟ್ಟು ಸರಿಮಾಡಿ ಎಂದರಂತೆ. ನಲವತ್ತು ನಿಮಿಷದ ನಂತರ ಮ್ಯಾನೇಜರು ಹರಿದದ್ದು ಎಲ್ಲಿ ಎಂದು ದೀಪದ ಕೆಳಗೆ ಹಿಡಿದು ಹುಡುಕಿ, ಸಿಗದೆ, ಇವರನ್ನೇ ಕೇಳಿದರು. ಟೈಲರಮ್ಮ ಪ್ಯಾಡಿನಲ್ಲಿ "ಮರೆತುಹೋಯಿತು" ಎಂದು ಬರೆದರು.

ಶುಕ್ರವಾರ ನಾಟಕಶಾಲೆಯಿಂದ ಮೇಲು ಬಂತು. ಕೆಲಸ ನಿಮ್ಮದು, ಮುಂದಿನ ಶುಕ್ರವಾರ ಸಂಜೆ ನಾಲ್ಕರೊಳಗೆ ಇದೇ ಮೇಲ್ ವಿಳಾಸದಿಂದ ಒಪ್ಪಿಗೆ ಕಳಿಸಿ, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಕೊಡಲಾಗುವುದು. ಶನಿವಾರ ಬೆಳಗ್ಗೆ ಟೈಲರಮ್ಮ ಒಪ್ಪಿಗೆ ಕಳಿಸಿದರು. ಅತ್ತಿಗೆ ತಮ್ಮ ಡಬ್ಬಿಯ ದಾಖಲೆ ತೆರೆದು ನೋಡಿದರು. ಆ ಕಡೆಯ ಯಂತ್ರ "ಸ್ವೀಕರಿಸಿದೆ" ಎಂದು ಒಂದು ಸಾಲು ಬರೆದುಕೊಟ್ಟಿತ್ತು. ಅತ್ತಿಗೆ ಮಹಡಿ ಹತ್ತಿ, ಸ್ವಿಚ್ ಒತ್ತಿ, ಪ್ಯಾಡಿನಲ್ಲಿ ಒಂದೇ ಪದ ಬರೆದರು: "ತಲುಪಿದೆ."

ಇಪ್ಪತ್ತಾರು ವರ್ಷ ರಿಜಿಸ್ಟರ್ ಕಾಗದದ ಸಹಿ ಚೀಟಿ ನೋಡಿದವರು ಬೇರೆ ಏನು ಬರೆಯುತ್ತಾರೆ? ಸಹಿ ಬಂತೆಂದರೆ ತಲುಪಿತು. ಸಹಿ ಹಾಕಿ ಒಳಗೆ ತೆಗೆದುಕೊಂಡು ಕಸದ ಬುಟ್ಟಿಗೆ ಹಾಕುವ ಪದ್ಧತಿ ಅಂಚೆಯವರ ಕಲ್ಪನೆಯಲ್ಲೇ ಇಲ್ಲ.

ಗುರುವಾರ ಟೈಲರಮ್ಮನೇ ಇಳಿದು ಬಂದರು. ಕೈಯಲ್ಲಿ ನಾಟಕಶಾಲೆಯಿಂದ ಬಂದ ಇನ್ನೊಂದು ಇಮೇಲಿನ ಪ್ರತಿ: ನಿಮ್ಮಿಂದ ಉತ್ತರ ಬಂದಿಲ್ಲ, ನಾಳೆ ನಾಲ್ಕು ಗಂಟೆ ಕೊನೆ. ಪ್ಯಾಡಿನಲ್ಲಿ ಮೊದಲೇ ಬರೆದುಕೊಂಡು ಬಂದಿದ್ದರು: "ತಲುಪಿದೆ ಅಂದ್ರಲ್ಲ."

ನಾನು ಆಗ ಅಲ್ಲೇ ಇದ್ದೆ. ಅತ್ತಿಗೆಯ ಮುಖ ಅಷ್ಟು ಬಾಡಿದ್ದನ್ನು ಹಾಲ್ ಮುಚ್ಚಿದ ದಿನವೂ ನೋಡಿರಲಿಲ್ಲ. ಅವರು ಕಾಗದವನ್ನು ಮತ್ತೊಮ್ಮೆ ಕಳಿಸಿದರು. ಮತ್ತೆ ಅದೇ ಸಾಲು, ಸ್ವೀಕರಿಸಿದೆ. ಬಾವಿಗೆ ಇನ್ನೊಂದು ಕಲ್ಲು.

"ನನ್ನ ಖಾತೆಯಿಂದ ಕಳಿಸೋಣ ಅತ್ತಿಗೆ," ಎಂದೆ.

"ಇದೇ ವಿಳಾಸದಿಂದ ಅಂತ ಬರೆದಿದಾರಲ್ಲ. ನಿನ್ನ ವಿಳಾಸದಿಂದ ಹೋದರೆ ವೇಷ ಹೊಲಿಯೋಕೆ ನಿನ್ನನ್ನ ಕರೀತಾರೆ. ನಿನಗೆ ಗುಂಡಿ ಹಾಕೋಕೆ ಬರಲ್ಲ."

ಫೋನ್ ಮಾಡಿದರು. ಎತ್ತಿದ್ದು ನಾಟಕಶಾಲೆಯ ಕಚೇರಿಯ ಗುಮಾಸ್ತರು.

"ಇಲ್ಲಮ್ಮ, ನಮಗೇನೂ ಬಂದಿಲ್ಲ. ಎದುರಿಗೇ ಇದೆ ಇನ್‌ಬಾಕ್ಸು, ನೋಡ್ತಾನೇ ಇದೀನಿ."

"ಕಸದ ಬುಟ್ಟಿ ಸ್ವಲ್ಪ ನೋಡ್ತೀರಾ?"

"ಅದನ್ನ ಬೆಳಗ್ಗೆಯೇ ಖಾಲಿ ಮಾಡಿ ತೊಳೆದಿಟ್ಟಿದಾರೆ."

ಅತ್ತಿಗೆ ಫೋನ್ ಇಟ್ಟು, ಶನಿವಾರದ ಮತ್ತು ಆ ದಿನದ ದಾಖಲೆಯ ಸಾಲುಗಳನ್ನು ಪ್ರಿಂಟು ತೆಗೆದು ಮಡಿಚಿ ಪರ್ಸಿನಲ್ಲಿಟ್ಟುಕೊಂಡರು. "ನಾಳೆ ಹೋಗೋಣ," ಎಂದರು. "ಬಟವಾಡೆ ಆಗದ ಕಾಗದವನ್ನ ಹುಡುಕಿಕೊಂಡು ಹೋಗೋದೂ ಅಂಚೆ ಕೆಲಸವೇ."

ಬೆಳಗ್ಗೆಯೇ ಹೋಗಬಹುದಿತ್ತು. ಆದರೆ ಕಾರ್ಖಾನೆಯವರು ಟೈಲರಮ್ಮನನ್ನು ಎರಡು ಗಂಟೆಗೆ ಮೊದಲು ಬಿಡಲಿಲ್ಲ, ಶುಕ್ರವಾರ ಕಾಲರು ಎಣಿಸುವ ದಿನ. ಅಣ್ಣನ ಬಸ್ಸಿನಲ್ಲೇ ಹೊರಟೆವು. ಅತ್ತಿಗೆ ಮುಂದಿನ ಸೀಟಿನಲ್ಲಿ ಕೂತು ಗಂಡನ ಚಾಲನೆಯ ಬಗ್ಗೆ ಮೊದಲ ಬಾರಿಗೆ "ಸ್ವಲ್ಪ ಬೇಗ" ಎಂದರು. "ಮೂವತ್ತು ವರ್ಷದಿಂದ ನಿಧಾನ ನಿಧಾನ ಅಂದವಳು ನೀನೇ ತಾನೆ? ಈಗ ಅಭ್ಯಾಸ ಆಗಿಹೋಗಿದೆ," ಎಂದ ಅಣ್ಣ. ಮೂರೂ ಹತ್ತಕ್ಕೆ ಇಳಿದೆವು.

ಕಚೇರಿ ರಂಗದ ಹಿಂಬದಿಯ ಒಂದು ಉದ್ದನೆಯ ಕೋಣೆ. ಒಂದು ಗೋಡೆಗೆ ಮರದ ಕತ್ತಿಗಳು, ಇನ್ನೊಂದಕ್ಕೆ ಫೈಲುಗಳು. ಯಾವುದರಿಂದ ಹೆಚ್ಚು ಜನ ಗಾಯಗೊಂಡಿರಬಹುದೆಂದು ಹೇಳಲಾಗದು. ಮಧ್ಯದಲ್ಲಿ ಏಣಿ ಹತ್ತಿ ದೀಪದವನು ಸಾಲು ದೀಪಗಳ ಬಲ್ಬುಗಳನ್ನು ಒಂದೊಂದಾಗಿ ಬದಲಿಸುತ್ತಿದ್ದ. ಗುಮಾಸ್ತರು ಮೂಗಿನ ತುದಿಯ ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿದರು. ಮ್ಯಾನೇಜರು ರಿಹರ್ಸಲಿನಲ್ಲಿದ್ದಾರೆ, ನಾಲ್ಕಕ್ಕೆ ಬರುತ್ತಾರೆ, ಬಂದೊಡನೆ ಮುಂದಿನವರಿಗೆ ಫೋನ್ ಮಾಡುತ್ತಾರೆ ಎಂದರು.

"ಇವರೇ ಬಂದಿದಾರಲ್ಲ. ಒಪ್ಪಿಗೆ ಅಂತ ಈಗ್ಲೇ ಬರೆದುಕೊಡ್ತಾರೆ," ಎಂದೆ.

"ಹಾಗೆ ಆಗಲ್ಲ ಸಾರ್. ಮೇಲ್‌ನಲ್ಲೇ ಬರಬೇಕು. ಹೋದ ಸಲ ಬಾಯಲ್ಲಿ ಒಪ್ಪಿಕೊಂಡವರು ಆಮೇಲೆ ಒಪ್ಪೇ ಇಲ್ಲ ಅಂದರು. ಅವತ್ತಿಂದ ರೂಲ್."

ಟೈಲರಮ್ಮ ಅವರ ತುಟಿಯನ್ನೇ ನೋಡುತ್ತಿದ್ದರು. ಪ್ಯಾಡಿನಲ್ಲಿ ಬರೆದು ತೋರಿಸಿದರು: "ನಾನು ಬಾಯಲ್ಲಿ ಹೇಳಲ್ಲ."

ಗುಮಾಸ್ತರು ಓದಿ ಕೆಮ್ಮಿದರು. ಅಷ್ಟರಲ್ಲಿ ಅತ್ತಿಗೆ ಪರ್ಸಿನಿಂದ ಪ್ರಿಂಟು ತೆಗೆದು ಮೇಜಿನ ಮೇಲೆ ಹರಡಿ, ಒಂದು ಸಾಲಿನ ಕೆಳಗೆ ಬೆರಳಿಟ್ಟರು.

"ಇದು ನಿಮ್ಮ ಯಂತ್ರದ ಸಹಿ. ಶನಿವಾರ ಬೆಳಗ್ಗೆ ಒಂಬತ್ತು ಹದಿನೇಳಕ್ಕೆ ಕಾಗದ ತಗೊಂಡಿದೆ. ತಗೊಂಡ ಮೇಲೆ ಎಲ್ಲಿಟ್ಟಿತು ಅಂತ ಅದನ್ನೇ ಕೇಳಬೇಕು. ಎಡಗಡೆ ಒಂದು ಸಣ್ಣ ಬಾಣದ ಗುರುತು ಇದೆಯಲ್ಲ, ಅದನ್ನ ಒತ್ತಿ."

"ಇದಾ? ಇದು ಸುಮ್ನೆ ಅಲಂಕಾರಕ್ಕೆ ಇರೋದು ಅಂದುಕೊಂಡಿದ್ದೆ."

ಒತ್ತಿದರು. ಮಡಿಸಿಟ್ಟಿದ್ದ ಖಾನೆಗಳು ಬಿಚ್ಚಿಕೊಂಡವು. ಕೊನೆಯದರ ಹೆಸರು ಸ್ಪ್ಯಾಮ್, ಎಂದರೆ ಕಸ. ಅದರ ಪಕ್ಕದಲ್ಲಿ ಸಾವಿರದ ಚಿಲ್ಲರೆ ಅಂಕಿ. ಗುಮಾಸ್ತರು ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿಕೊಂಡರು. ಅವರು ಹಾಗೆ ಮಾಡಿದ್ದು ಆ ಮಧ್ಯಾಹ್ನ ಅದೊಂದೇ ಸಲ. ಹುಡುಕುವ ಜಾಗದಲ್ಲಿ ಹೆಸರು ಹಾಕಿದರು. ಅದು ಎಲ್ಲ ಕಡೆ ಹುಡುಕಿ ಏನೂ ಇಲ್ಲ ಎಂದಿತು. "ಅದು ಈ ಖಾನೆಯನ್ನ ಬಿಟ್ಟು ಹುಡುಕುತ್ತೆ. ಸ್ವಲ್ಪ ಏಳ್ತೀರಾ?" ಎಂದರು ಅತ್ತಿಗೆ.

ಗೋಡೆಯ ಗಡಿಯಾರದಲ್ಲಿ ಮೂರೂ ಮೂವತ್ತಾಗಿತ್ತು. ಅತ್ತಿಗೆ ಗುಮಾಸ್ತರ ಕುರ್ಚಿಯಲ್ಲಿ ಕೂರಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ನಿಂತರು. ಎಡಗೈ ಮೇಜಿನ ಮೇಲೆ ಊರಿ, ಬಲಗೈಯಲ್ಲಿ ಮೌಸು ಹಿಡಿದು, ಹೊಸ ಕಾಗದಗಳಿರುವ ಮೇಲಿನ ಸಾಲಿನಿಂದ ಶುರುಮಾಡಿದರು. ನಾನು ಅವರನ್ನು ವಿಂಗಡಣೆ ಹಾಲ್‌ನಲ್ಲಿ ಕೆಲಸ ಮಾಡುವಾಗ ನೋಡಿದವನಲ್ಲ. ಆವತ್ತು ನೋಡಿದೆ. ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು, ತುಟಿ ಅಲುಗುತ್ತಿತ್ತು. ಕಳ್ಳ, ಕಳ್ಳ, ಔಷಧಿ, ಕಳ್ಳ, ಸಾಲ ಕೊಡುವವ, ಇದು ನಿಜ. ನಿಜವೆಂದು ಕಂಡದ್ದರ ಮುಂದಿನ ಚೌಕಕ್ಕೆ ಗುರುತು ಹಾಕಿ ಮುಂದಕ್ಕೆ. ಯಾವುದನ್ನೂ ತೆರೆಯಲಿಲ್ಲ.

ಟೈಲರಮ್ಮ ಪ್ಯಾಡನ್ನು ಅವರ ಕಣ್ಣಿನೆದುರಿಗೆ ಹಿಡಿದರು: "ಮೊದಲು ನನ್ನದು."

"ಸಾಲು ಸಾಲಾಗೇ ಬರ್ತಿದೀನಿ ಮಹಾರಾಯ್ತಿ. ಹಾರಿ ಹಾರಿ ನೋಡಿದ್ರೆ ನಿಮ್ಮದನ್ನೇ ಹಾರಿಬಿಡ್ತೀನಿ," ಎಂದರು ಅತ್ತಿಗೆ, ತುಟಿ ಕಾಣುವಂತೆ ಮುಖ ತಿರುಗಿಸಿ.

ಮೂರೂ ನಲವತ್ತೆಂಟಕ್ಕೆ ಅವರ ಕೈ ನಿಂತಿತು. ಗುರುವಾರದ ಕಾಗದ. ಟೈಲರಮ್ಮನ ಹೆಸರು, ವಿಷಯ: ಒಪ್ಪಿಗೆ. ಗುಮಾಸ್ತರೇ ಬಾಗಿ ತೆರೆದರು, ಅತ್ತಿಗೆ ಆಗ ಗೋಡೆಯ ಕತ್ತಿಗಳ ಕಡೆ ನೋಡುತ್ತಿದ್ದರು. ಗುಮಾಸ್ತರು ಪ್ರಿಂಟು ತೆಗೆದು ಸೀಲು ಒತ್ತುವ ಹೊತ್ತಿಗೆ ಟೈಲರಮ್ಮ ಮರದ ಬೆಂಚಿನ ಮೇಲೆ ಕುಳಿತುಬಿಟ್ಟಿದ್ದರು.

ನಾಲ್ಕಕ್ಕೆ ಮ್ಯಾನೇಜರು ಬಂದರು. ಅವರ ಕಚೇರಿಯ ಕಂಪ್ಯೂಟರ್ ಮುಂದೆ ಅಪರಿಚಿತ ಹೆಂಗಸೊಬ್ಬರು ನಿಂತು ಕೆಲಸ ಮಾಡುತ್ತಿದ್ದರು, ಗುಮಾಸ್ತರು ಪಕ್ಕದಲ್ಲಿ ಶಾಲೆಯ ಮಗುವಿನಂತೆ ಕೈಕಟ್ಟಿ ನಿಂತಿದ್ದರು.

"ಏನಿದು? ಕಾಗದ ಸಿಕ್ಕಿತು ಅಂತೀರಿ, ಇನ್ನೇನು ಹುಡುಕ್ತಿದಾರೆ?"

"ಶನಿವಾರದ್ದು ಸಿಕ್ಕಿಲ್ಲ," ಎಂದರು ಅತ್ತಿಗೆ, ತಿರುಗದೆ.

"ಗುರುವಾರದ್ದು ಸಾಕಲ್ಲಮ್ಮ. ಕೆಲಸ ಆಯ್ತು."

"ಅವರ ಕೆಲಸ ಆಯ್ತು. ನನ್ನದು ಆಗಿಲ್ಲ. ಶನಿವಾರ ನಾನು ಇವರಿಗೆ ತಲುಪಿದೆ ಅಂದಿದ್ದೆ." ಇನ್ನೊಂದು ಚೌಕಕ್ಕೆ ಗುರುತು ಹಾಕಿ, "ಅಲ್ಲದೆ ಇವುಗಳ ನಡುವೆ ಬೇರೆಯವರ ಕಾಗದಾನೂ ಇದಾವೆ. ದಾಟಿ ಹೋಗೋಕೆ ಮನಸ್ಸು ಬರಲ್ಲ," ಎಂದರು.

ಐದೂಕಾಲಿಗೆ ಶನಿವಾರ ಬಂತು. ಒಂಬತ್ತು ಹದಿನೇಳು. ಅಷ್ಟರಲ್ಲಿ ಗುರುತು ಹಾಕಿದ ನಿಜದ ಕಾಗದಗಳು ಹತ್ತೊಂಬತ್ತಾಗಿದ್ದವು. ಗುಮಾಸ್ತರು ಒಂದೊಂದಾಗಿ ಓದಿ ಹೇಳಿದರು. ಒಬ್ಬ ಶಾಲೆಯ ಮೇಷ್ಟ್ರು ಅರವತ್ತು ಮಕ್ಕಳಿಗೆ ಸೀಟು ಕೇಳಿದ್ದರು. ಯಾರೋ ಹಳೆಯ ನಟಿ ತನ್ನ ಮೊದಲ ನಾಟಕದ ಕಿರೀಟ ವಾಪಸು ಕೊಡುತ್ತೇನೆ, ಯಾರಾದರೂ ಬಂದು ತೆಗೆದುಕೊಂಡು ಹೋಗುತ್ತೀರಾ ಎಂದು ಬರೆದಿದ್ದರು. ಇನ್ನೊಂದು, ಹೆಂಡತಿಗೆ ಜ್ವರ, ಸೋಮವಾರ ಬರಲಾಗುವುದಿಲ್ಲ ಎಂಬ ರಜೆಯ ಅರ್ಜಿ.

ಏಣಿಯ ಮೇಲಿನಿಂದ ದೀಪದವನು ನಿಧಾನವಾಗಿ ಇಳಿದು ಬಂದ.

"ಸಾರ್," ಎಂದ ಮ್ಯಾನೇಜರಿಗೆ, "ರಜೆ ಅರ್ಜಿ ಮನೆಯಿಂದ ಕಳಿಸಿದ್ದೆ ಅಂತ ನಾನು ಹೇಳಿರ್ಲಿಲ್ವಾ?"

"ಹೇಳಿದ್ದೆ ಕಣಯ್ಯ."

"ಎಲ್ಲರೆದುರು ಸುಳ್ಳುಗಾರ ಅಂದ್ರಿ."

ಮ್ಯಾನೇಜರು ರಂಗದ ಮೇಲೆ ಎಷ್ಟೋ ರಾಜರ ಪಶ್ಚಾತ್ತಾಪ ನೋಡಿದವರು. ತಮ್ಮ ಸರದಿ ಬಂದಾಗ ಏಣಿಯನ್ನು ಹಿಡಿದು ನಿಂತರು. "ತಪ್ಪಾಯ್ತು," ಎಂದರು ಕೊನೆಗೆ, "ನಾಳೆ ಎಲ್ಲರೆದುರೇ ಹೇಳ್ತೀನಿ."

ಅತ್ತಿಗೆ ತಮ್ಮ ಪ್ರಿಂಟನ್ನು ಅವರ ಮುಂದೆ ಸರಿಸಿದರು. "ಇಲ್ಲೊಂದು ಸಹಿ ಹಾಕಿ. ತಲುಪಿದೆ ಅಂತ. ತಾರೀಕು ಇವತ್ತಿನದೇ ಹಾಕಿ. ನಿಜವಾಗಿ ತಲುಪಿದ್ದು ಇವತ್ತು ತಾನೆ?"

ವಾಪಸು ಬಸ್ಸಿನಲ್ಲಿ ಅವರು ಟೈಲರಮ್ಮನ ಪ್ಯಾಡು ಕೇಳಿ ಪಡೆದು ಬರೆದರು. ಬಸ್ಸು ಅಲುಗಿ ಅಕ್ಷರಗಳು ಸೊಟ್ಟಗಾದವು, ಹಳೆಯ ಯಂತ್ರ ನೋಡಿದ್ದರೆ ಉಗಿಯುತ್ತಿತ್ತು. "ಶನಿವಾರ ನಾನು ಹೇಳಿದ್ದು ತಪ್ಪು. ಬಾಗಿಲಿಗೆ ತಲುಪಿತ್ತು. ಕೈಗೆ ಅಲ್ಲ."

ಟೈಲರಮ್ಮ ಓದಿ, ಪೆನ್ಸಿಲು ಕಿತ್ತುಕೊಂಡು ಕೆಳಗೆ ಬರೆದರು: "ಕಾಗದ ನಡೆಯದ ಕಡೆ ನೀವೇ ನಡೆದ್ರಿ. ಸಾಕು ಬಿಡಿ."

ಅತ್ತಿಗೆ ಬಿಡಲಿಲ್ಲ. ಮನೆಗೆ ಬಂದವರೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಹೊಸದಾಗಿ ಎರಡು ಕಾಲಂ ಮಾಡಿದರು. ಒಂದಕ್ಕೆ 'ಬಾಗಿಲಿಗೆ', ಇನ್ನೊಂದಕ್ಕೆ 'ಕೈಗೆ'. ಮೊದಲನೆಯದನ್ನು ಯಂತ್ರದ ಮಾತಿನ ಮೇಲೆ ತುಂಬುತ್ತಾರೆ. ಎರಡನೆಯದನ್ನು ಮನುಷ್ಯರು ಯಾರಾದರೂ ಬಂತು ಎಂದ ಮೇಲೆ ಮಾತ್ರ. 'ತಲುಪಿದೆ' ಎಂಬ ಪದವನ್ನು ಈಗ ಅವರು ಎರಡನೆಯ ಕಾಲಂ ನೋಡದೆ ಯಾರಿಗೂ ಹೇಳುವುದಿಲ್ಲ. ಉಳಿದ ಮೂರು ಪಟ್ಟಿಗಳಿಗೆ ಅರ್ಜಿ ಬರೆಯುವುದು ನಡೆದೇ ಇದೆ. ಒಂದಕ್ಕೆ ಒಂಬತ್ತನೆಯದು ಹೋಯಿತು.

ನಾಟಕಶಾಲೆಯ ಯಂತ್ರ ಬುದ್ಧಿ ಕಲಿತಿಲ್ಲ. ಅತ್ತಿಗೆಯ ಮನೆಯಿಂದ ಹೋದ ಕಾಗದವನ್ನು ಈಗಲೂ ಅದು ನಗುನಗುತ್ತಾ ಸ್ವೀಕರಿಸಿ ಕಸಕ್ಕೆ ಹಾಕುತ್ತದೆ. ಆದರೆ ಅಲ್ಲಿ ಈಗ ಒಳಗಿನವರೊಬ್ಬರಿದ್ದಾರೆ. ದಿನಾ ಊಟದ ಹೊತ್ತಿಗೆ ವೇಷದ ಕೋಣೆಯಿಂದ ಟೈಲರಮ್ಮ ಬಂದು ಗುಮಾಸ್ತರ ಮೇಜಿನ ಬಳಿ ನಿಲ್ಲುತ್ತಾರೆ, ಪರದೆಯ ಎಡಗಡೆಯ ಆ ಸಣ್ಣ ಬಾಣವನ್ನು ತೋರಿಸುತ್ತಾರೆ. ಬೆರಳಿನಿಂದಲ್ಲ, ಕೈಯಲ್ಲಿರುವ ದೊಡ್ಡ ಕತ್ತರಿಯಿಂದ. ಗುಮಾಸ್ತರು ಇದುವರೆಗೆ ರೂಲಿನ ಮಾತೆತ್ತಿಲ್ಲ.

ಅತ್ತಿಗೆಯ ಅಂಚೆಮನೆಯಿಂದ ಹೋದ ಕಾಗದ ಏನಾದರೂ ಸಿಕ್ಕಿದ ದಿನ ಟೈಲರಮ್ಮ ಅಲ್ಲಿಂದಲೇ ಅತ್ತಿಗೆಗೆ ಒಂದು ಮೇಲು ಹಾಕುತ್ತಾರೆ. ಅದರಲ್ಲಿ ಒಂದೇ ಪದ ಇರುತ್ತದೆ. ಅತ್ತಿಗೆ ಅದನ್ನು ಓದಿ, ಅಣ್ಣನ ಬೂಟುಗಳನ್ನು ಕಾಲಿನಿಂದ ಬದಿಗೆ ಸರಿಸಿ, ಡಬ್ಬಿಯ ಅಂಗಿ ಸರಿಮಾಡಿ, ನೋಟ್‌ಬುಕ್ ತೆರೆದು ಎರಡನೆಯ ಕಾಲಂನಲ್ಲಿ ಗುರುತು ಹಾಕುತ್ತಾರೆ.